ಒತ್ತುವರಿ ಮಾಡಿದವರು ಯಾರು?

ಕಳೆದ ತಿಂಗಳ ಎರಡನೆಯ ಭಾನುವಾರ ನಮ್ಮ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ವಾರ್ಷಿಕ ಸರ್ವಸದಸ್ಯರ ಸಭೆ ನಡೆಯಿತು. ಜಯನಗರದಲ್ಲಿ ಇಂತಹ ಸಂಘಗಳು ಅನೇಕ ಇವೆ. ನಮ್ಮದು ಯಾವುದೆಂದು ಹೇಳುವ ಅಗತ್ಯವಿಲ್ಲ. ನಾನು ಬರೆಯಹೊರಟಿರುವ ಸಂಗತಿ ಯಾವ ಸಂಘದಲ್ಲಾದರೂ ನಡೆಯಬಹುದಾದದ್ದು, ನಡೆಯುತ್ತಿರುವಂಥದ್ದು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಯಿತು. ಹಿಂದಿನ ವರ್ಷದ ಲೆಕ್ಕಪತ್ರಗಳಿಗೆ ಐದು ನಿಮಿಷದಲ್ಲಿ ಅನುಮೋದನೆ ದೊರೆಯಿತು. ಆಮೇಲೆ ಕಾರ್ಯಸೂಚಿಯ ಆರನೆಯ ವಿಷಯ ಬಂದಿತು: 'ಪಾದಚಾರಿ ಮಾರ್ಗದ ಒತ್ತುವರಿ ತೆರವು.'

ಕಾರ್ಯದರ್ಶಿಗಳು ಸಿದ್ಧತೆ ಮಾಡಿಕೊಂಡೇ ಬಂದಿದ್ದರು. ಪಾದಚಾರಿಗಳಿಗೆ ಅಡ್ಡಿಯಿಲ್ಲದ ಕಾಲುದಾರಿ ದೊರಕುವುದು ಸಂವಿಧಾನದ 21ನೆಯ ವಿಧಿಯಡಿ ಬರುವ ಹಕ್ಕೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದನ್ನು ಅವರು ಸಭೆಗೆ ನೆನಪಿಸಿದರು. ಎಲ್ಲರೂ ತಲೆದೂಗಿದೆವು. ಬಳಿಕ ನಿರ್ಣಯವನ್ನು ಓದಿದರು. ಅದರಲ್ಲಿ ಮೂವರ ಪ್ರಸ್ತಾಪವಿತ್ತು: ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿರುವವರು, ತಿರುವಿನಲ್ಲಿ ಎಳನೀರು ಮಾರುವವರು, ಸಂಜೆಯ ಹೊತ್ತು ಬುಟ್ಟಿಯಿಟ್ಟುಕೊಂಡು ಹೂವು ಕಟ್ಟಿ ಮಾರುವ ಹೆಂಗಸು. ಈ ಮೂವರನ್ನು ತೆರವುಗೊಳಿಸಬೇಕೆಂದು ಪಾಲಿಕೆಗೆ ಪತ್ರ ಬರೆಯತಕ್ಕದ್ದು ಎಂಬುದು ನಿರ್ಣಯ. ಸರ್ವಾನುಮತದಿಂದ ಅಂಗೀಕಾರವಾಯಿತು.

ಸರ್ವಾನುಮತ ಎಂದರೆ ನನ್ನ ಮತವೂ ಸೇರಿತು. ನಾನೂ ಕೈಯೆತ್ತಿದ್ದೆ. ಈ ಲೇಖನವನ್ನು ಬರೆಯಲು ಕೂತಿರುವುದೇ ಆ ಕಾರಣಕ್ಕಾಗಿ.

ಮನೆಗೆ ಬಂದು ಸಭೆಯ ವರದಿಯನ್ನು ನನ್ನ ಶ್ರೀಮತಿಯವರಿಗೆ ಒಪ್ಪಿಸಿದೆ. ಅವರು ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತದೆ ಕೇಳಿದರು: "ಅಲ್ಲಾಂದ್ರೆ, ನಮ್ಮ ಗೇಟಿನ ಮುಂದೆ ಇರೋ ರ‍್ಯಾಂಪು ಯಾವ ಲೆಕ್ಕಕ್ಕೆ ಬರುತ್ತೆ?"

ಪೌರನೀತಿಯ ಪಾಠವನ್ನು ಪ್ರೌಢಶಾಲೆಯ ಮಕ್ಕಳಿಗೆ ಮೂವತ್ತು ವರ್ಷ ಬೋಧಿಸಿದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. 'ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ' ಎಂಬ ಗಾದೆ ಮಾತ್ರ ನೆನಪಾಯಿತು.

ಮರುದಿನ ಬೆಳಿಗ್ಗೆ ಆರು ಗಂಟೆಗೆ, ಬೀದಿಯಲ್ಲಿ ಜನಸಂಚಾರ ಹೆಚ್ಚುವ ಮೊದಲು, ಅಳತೆಯ ಟೇಪು ಹಿಡಿದುಕೊಂಡು ಹೊರಟೆ. ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಮೊಮ್ಮಗ ಬಂದ. ನಾವು ಅಳೆದದ್ದು ಒಂದು ಅಡ್ಡರಸ್ತೆಯಿಂದ ಇನ್ನೊಂದು ಅಡ್ಡರಸ್ತೆಯವರೆಗೆ, ನಮ್ಮ ಮನೆಯ ಸಾಲನ್ನು ಮಾತ್ರ. ಹದಿನಾಲ್ಕು ಮನೆಗಳು. ಕಾಲುದಾರಿಯ ಅಗಲ ಏಳು ಅಡಿ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಇಸ್ತ್ರಿ ಗಾಡಿ ಆರು ಅಡಿ ಉದ್ದ, ಮೂರು ಅಡಿ ಅಗಲ. ಹದಿನೆಂಟು ಚದರ ಅಡಿ. ಹದಿನಾಲ್ಕು ಮನೆಗಳಲ್ಲಿ ಹನ್ನೊಂದರ ಮುಂದೆ ಗೇಟಿನಿಂದಾಚೆಗೆ ಸಿಮೆಂಟಿನ ರ‍್ಯಾಂಪು. ಐದು ಮನೆಗಳ ಮುಂದೆ ಕಬ್ಬಿಣದ ಜಾಲರಿ ಹಾಕಿ ಅದರೊಳಗೆ ಹೂಗಿಡ, ಕರಿಬೇವು, ಅಲಂಕಾರದ ಗಿಡಗಳು. ಅದರಲ್ಲಿ ಒಂದನ್ನು ಅಳೆದೆವು: ಮೂವತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ನೂರ ಇಪ್ಪತ್ತು ಚದರ ಅಡಿ. ಆ ಒಂದು ತೋಟದ ಜಾಗದಲ್ಲಿ ಆರು ಇಸ್ತ್ರಿ ಗಾಡಿಗಳನ್ನಿಟ್ಟು ಮತ್ತೂ ಸ್ವಲ್ಪ ಸ್ಥಳ ಉಳಿಯುತ್ತದೆ. ನಾಲ್ಕು ಕಾರುಗಳು ಎರಡು ಗಾಲಿಗಳನ್ನು ಕಾಲುದಾರಿಯ ಮೇಲೇರಿಸಿ ನಿಂತಿದ್ದವು. ಧೂಳು ನೋಡಿದರೆ ಅವು ಅಲ್ಲಿಯೇ ವಾಸ್ತವ್ಯ ಹೂಡಿ ಬಹಳ ದಿನಗಳಾಗಿವೆ. ಒಂದು ಅಪಾರ್ಟ್‌ಮೆಂಟಿನ ಜನರೇಟರು ಹಸಿರು ಪೆಟ್ಟಿಗೆಯಲ್ಲಿ ಕೂತು ದಾರಿಯ ಮುಕ್ಕಾಲು ಭಾಗವನ್ನು ನುಂಗಿತ್ತು. ಈ ಯಾವ ದೋಷವೂ ಇಲ್ಲದ ಮನೆಗಳು ಎರಡು. ನಮ್ಮದು ಆ ಎರಡರಲ್ಲಿ ಸೇರಿರಲಿಲ್ಲ. ನಮ್ಮ ರ‍್ಯಾಂಪು ಹತ್ತು ಅಡಿ ಅಗಲ, ಕಾಲುದಾರಿಯೊಳಕ್ಕೆ ಮೂರೂವರೆ ಅಡಿ ಚಾಚು; ಮೂವತ್ತೈದು ಚದರ ಅಡಿ. ಹೆಚ್ಚುಕಡಿಮೆ ಎರಡು ಇಸ್ತ್ರಿ ಗಾಡಿ.

ಸಭೆಯ ನಿರ್ಣಯದಲ್ಲಿ ಮಾತ್ರ 'ಒತ್ತುವರಿ' ಎಂಬ ಪದಕ್ಕೆ ಹದಿನೆಂಟು ಚದರ ಅಡಿಯ ಗಾಡಿ, ಒಂದು ರಾಶಿ ಎಳನೀರು ಮತ್ತು ಒಂದು ಹೂವಿನ ಬುಟ್ಟಿ ಇವಿಷ್ಟೇ ಅರ್ಥ.

ನನ್ನ ಬಾಲ್ಯದ ಜಯನಗರವನ್ನು ಇಲ್ಲಿ ಎರಡು ಮಾತಿನಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಈ ಬಡಾವಣೆ 1948ರಲ್ಲಿ ಆರಂಭವಾದದ್ದು. ನಿರ್ಮಿಸಿದ್ದು 1945ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ವಿಶ್ವಸ್ಥ ಮಂಡಳಿ. 1976ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ನಕ್ಷೆ ಬರೆದವರು ಮೊದಲು ರಸ್ತೆ, ಅದರ ಬದಿಗೆ ಕಾಲುದಾರಿ, ಮರಗಳಿಗೆ ಜಾಗ, ಮಕ್ಕಳಿಗೆ ಮೈದಾನ ಇವನ್ನು ಗುರುತು ಮಾಡಿ, ಬಳಿಕ ನಿವೇಶನಗಳನ್ನು ವಿಂಗಡಿಸಿದರು. ನಮ್ಮ ತಂದೆಯವರು ನಿವೇಶನ ಪಡೆದಾಗ ಸಿಕ್ಕಿದ ಪತ್ರ ಇಂದಿಗೂ ನಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಚಕ್ಕುಬಂದಿಯನ್ನು ಬರೆದಿದೆ: ಪೂರ್ವಕ್ಕೆ ರಸ್ತೆ. ಓದುಗರು ತಮ್ಮ ಮನೆಯ ಕ್ರಯಪತ್ರವನ್ನೂ ತೆಗೆದು ನೋಡಬಹುದು. ನಾಲ್ಕು ದಿಕ್ಕುಗಳಲ್ಲಿ ಒಂದು ದಿಕ್ಕಿಗಾದರೂ 'ರಸ್ತೆ' ಎಂದಿರುತ್ತದೆ. ಚಕ್ಕುಬಂದಿ ಎಂದರೆ ನಮ್ಮ ಸ್ವತ್ತು ಎಲ್ಲಿ ಮುಗಿಯುತ್ತದೆ ಎಂಬುದರ ದಾಖಲೆ. ರಸ್ತೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ನಾವು ಮುಗಿಯುತ್ತೇವೆ. ಇದಕ್ಕೆ ಸಹಿ ಹಾಕಿದವರು ನಾವೇ.

ಆ ದಿನಗಳಲ್ಲಿ ಕಾಲುದಾರಿಗೆ ಚಪ್ಪಡಿ ಕಲ್ಲು ಹಾಸಿದ್ದರು. ನಾವು ಮಕ್ಕಳು ಶಾಲೆಯಿಂದ ಮನೆಯವರೆಗೆ ಅದರ ಮೇಲೆಯೇ ಕುಂಟೋಬಿಲ್ಲೆಯ ಹೆಜ್ಜೆ ಹಾಕುತ್ತ ಬರುತ್ತಿದ್ದೆವು. ಇಂದು ನನ್ನ ಮೊಮ್ಮಗ ಶಾಲೆಯ ವ್ಯಾನಿನಿಂದಿಳಿದು ಮನೆಯವರೆಗಿನ ನೂರು ಗಜವನ್ನು ರಸ್ತೆಯ ಮೇಲೆ, ಬೈಕುಗಳ ನಡುವೆ ನಡೆದು ಬರುತ್ತಾನೆ. ಅವನನ್ನು ರಸ್ತೆಗಿಳಿಸಿದ್ದು ಇಸ್ತ್ರಿ ಗಾಡಿಯಲ್ಲ, ಅವನ ತಾತನ ರ‍್ಯಾಂಪು.

ಈಗ ನನ್ನ ಮಿತ್ರರು, ಸಂಘದ ಸದಸ್ಯರು, ಸಭೆಯ ನಂತರ ನನ್ನೊಡನೆ ಮಾಡಿದ ವಾದಗಳನ್ನು ಒಂದೊಂದಾಗಿ ನೋಡೋಣ. ಅವರಲ್ಲಿ ಯಾರೂ ಕೆಟ್ಟವರಲ್ಲ. ಇವೇ ವಾದಗಳನ್ನು ನಾನೂ ಒಂದು ಕಾಲಕ್ಕೆ ಮಾಡಿದ್ದೇನೆ.

ಮೊದಲನೆಯ ವಾದ: "ನಾವು ತೆರಿಗೆ ಕಟ್ಟುತ್ತೇವೆ, ಅವರು ಕಟ್ಟುವುದಿಲ್ಲ." ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಸ್ವಯಂಘೋಷಣಾ ಪದ್ಧತಿ 2000ದಲ್ಲಿ ಬಂದಿತು, 2008ರಿಂದ ಕಟ್ಟಡದ ವಿಸ್ತೀರ್ಣ ಮತ್ತು ವಲಯದ ದರವನ್ನು ಆಧರಿಸಿ ಲೆಕ್ಕ ಹಾಕುವ ಕ್ರಮ ಜಾರಿಯಾಯಿತು. ಅಳತೆಯನ್ನು ನಾವೇ ಬರೆದು ಕೊಡುತ್ತೇವೆ. ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ನಮೂನೆಯಲ್ಲಿ ರ‍್ಯಾಂಪಿನ ಮೂವತ್ತೈದು ಚದರ ಅಡಿಯನ್ನು ಸೇರಿಸಿಲ್ಲ. ಜಾಲರಿಯೊಳಗಿನ ತೋಟವನ್ನು ಯಾರಾದರೂ ಸೇರಿಸಿದ್ದಾರೆಯೇ? ಸೇರಿಸುವಂತೆಯೂ ಇಲ್ಲ, ಅದು ನಮ್ಮದಲ್ಲವಲ್ಲ! ಹಾಗಾದರೆ ಆ ಜಾಗದ ಮಟ್ಟಿಗೆ ನಾವೂ ತೆರಿಗೆ ಕಟ್ಟದವರೇ. ಒಂದೇ ವ್ಯತ್ಯಾಸವೆಂದರೆ, ಅವರು ಅಲ್ಲಿ ದುಡಿದು ತಿನ್ನುತ್ತಾರೆ. ನಾವು ಅಲ್ಲಿ ಕ್ರೋಟನ್ ಗಿಡ ಬೆಳೆಸುತ್ತೇವೆ.

ಎರಡನೆಯ ವಾದ: "ಅವರದು ಕಾನೂನುಬಾಹಿರ." ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. ಬೀದಿಯಲ್ಲಿ ವ್ಯಾಪಾರ ಮಾಡುವುದು, ತಕ್ಕ ನಿರ್ಬಂಧಗಳಿಗೆ ಒಳಪಟ್ಟು, ವೃತ್ತಿ ಮತ್ತು ವ್ಯಾಪಾರ ನಡೆಸುವ ಮೂಲಭೂತ ಹಕ್ಕಿನೊಳಗೆ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ಸೋದನ್ ಸಿಂಗ್ ಪ್ರಕರಣದಲ್ಲಿ ಒಪ್ಪಿತ್ತು. 2014ರಲ್ಲಿ ಸಂಸತ್ತು ಬೀದಿಬದಿ ವ್ಯಾಪಾರಿಗಳ ಕಾಯ್ದೆಯನ್ನೇ ಮಾಡಿತು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಸರಕು ಮಾರುವವರ ಜೊತೆಗೆ ಬೀದಿಯಲ್ಲಿ ಕುಳಿತು ಸೇವೆ ಒದಗಿಸುವವರೂ ಸೇರುತ್ತಾರೆ. ಆದ್ದರಿಂದ ಇಸ್ತ್ರಿಯವರೂ ಅದರೊಳಗಿದ್ದಾರೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇರುವವರನ್ನು ಎಬ್ಬಿಸುವಂತಿಲ್ಲ. ಎಬ್ಬಿಸಲೇಬೇಕಾದರೆ ಮೂವತ್ತು ದಿನಗಳ ನೋಟೀಸು ಕೊಡಬೇಕು. ಯಾರು ಎಲ್ಲಿ ಕೂರಬೇಕೆಂಬುದನ್ನು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಚರ್ಚಿಸಬೇಕು. ಆ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಸ್ಥಾನ ವ್ಯಾಪಾರಿಗಳಿಗೆ. ನಿವಾಸಿಗಳ ಸಂಘಗಳ ಪ್ರಾತಿನಿಧ್ಯಕ್ಕೂ ಅವಕಾಶ ಉಂಟು. ಅಂದರೆ ಅವರೂ ನಾವೂ ಒಂದೇ ಮೇಜಿನ ಸುತ್ತ ಕೂತು ಮಾತನಾಡಬೇಕೆಂಬುದು ಕಾನೂನಿನ ಆಶಯ. ನಾವು ಮಾಡಿದ್ದೇನು? ಅವರಿಲ್ಲದ ಕೋಣೆಯಲ್ಲಿ ಕೇಸರಿಬಾತು ತಿಂದು ಅವರ ಅನ್ನದ ವಿಚಾರವನ್ನು ತೀರ್ಮಾನಿಸಿದೆವು.

ಇದಕ್ಕೆ ಹೋಲಿಸಿ ನೋಡಿ: ರ‍್ಯಾಂಪನ್ನು ರಕ್ಷಿಸುವ ಯಾವ ಕಾಯ್ದೆಯೂ ಇಲ್ಲ. ಕಾಲುದಾರಿಯ ಮೇಲಿನ ತೋಟಕ್ಕೆ ಪ್ರಮಾಣಪತ್ರ ಕೊಡುವ ಸಮಿತಿಯೂ ಇಲ್ಲ. ಕಾರ್ಯದರ್ಶಿಗಳು ನೆನಪಿಸಿದ ಮೇ 2025ರ ಆದೇಶ ಕಾಲುದಾರಿಯ ಎಲ್ಲ ಒತ್ತುವರಿಗಳನ್ನೂ ಕುರಿತದ್ದು. ಅದರಲ್ಲಿ 'ಬಡವರ ಒತ್ತುವರಿ' ಎಂಬ ಪ್ರತ್ಯೇಕ ಅಧ್ಯಾಯವಿಲ್ಲ.

ಮೂರನೆಯ ವಾದ: "ಇದ್ದಿಲಿನ ಹೊಗೆ, ಎಳನೀರಿನ ಬುರುಡೆ, ಗಲೀಜು." ಈ ವಾದದಲ್ಲಿ ಸತ್ಯವಿದೆ, ಅಲ್ಲಗಳೆಯಲಾರೆ. ಇಸ್ತ್ರಿ ಗಾಡಿಯನ್ನಿಟ್ಟ ಮೇಲೆ ನಡೆಯಲು ನಾಲ್ಕೇ ಅಡಿ ಉಳಿಯುತ್ತದೆ ಎಂಬುದೂ ಸತ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ವಸತಿ ಪ್ರದೇಶದಲ್ಲಿ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲ ಅಡ್ಡಿಯಿಲ್ಲದೆ ಇರಬೇಕು. ಆದರೆ ಗಾಡಿಗೆ ಗಾಲಿಗಳಿವೆ. 'ಎರಡಡಿ ಪಕ್ಕಕ್ಕೆ, ಮರದ ಆ ಬದಿಗೆ ಸರಿಸಿಕೊಳ್ಳಪ್ಪ' ಎಂದರೆ ಐದು ನಿಮಿಷದಲ್ಲಿ ಸರಿಯುತ್ತದೆ. ಇದನ್ನು ನಾನು ಪರೀಕ್ಷಿಸಿಯೂ ನೋಡಿದೆ. ಅಳತೆ ಮಾಡಿದ ದಿನವೇ ಅವರಲ್ಲಿ ಕೇಳಿದೆ. "ಅದಕ್ಕೇನಂತೆ ಮೇಷ್ಟ್ರೇ, ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ವಲ್ಲ" ಎಂದು ಹೇಳಿ ಆ ಸಂಜೆಯೇ ಸರಿಸಿದರು. ಮಧುಗಿರಿಯ ಕಡೆಯಿಂದ ಬಂದ ಈ ಮನುಷ್ಯ ಇಪ್ಪತ್ತೆರಡು ವರ್ಷಗಳಿಂದ ಆ ಮರದ ಕೆಳಗಿದ್ದಾರೆ. ಬೀದಿಯ ಅರ್ಧ ಮನೆಗಳ ಬೀಗದ ಕೈಗಳು ಊರಿಗೆ ಹೋಗುವಾಗ ಅವರ ಬಳಿ ಇರುತ್ತವೆ. ಅಂಥವರಿಗೆ ಒಂದು ಮಾತು ಹೇಳುವ ಬದಲು ನಾವು ಪಾಲಿಕೆಗೆ ಪತ್ರ ಬರೆಯಹೊರಟೆವು. ಗಾಲಿಯಿಲ್ಲದ ಸಿಮೆಂಟಿನ ರ‍್ಯಾಂಪನ್ನು ಸರಿಸಲು ನನಗೆ ಬೇಕಾದದ್ದು ಇಬ್ಬರು ಆಳು, ಒಂದು ಡ್ರಿಲ್ಲಿಂಗ್ ಯಂತ್ರ, ಎರಡು ದಿನ.

ನಾಲ್ಕನೆಯ ವಾದ: "ಇವರೆಲ್ಲ ಹೊರಗಿನವರು." ಇದನ್ನು ಕೇಳಿದಾಗ ನನಗೆ ಸಿಟ್ಟಿಗಿಂತ ನಗು ಬಂತು. ನಮ್ಮ ತಂದೆಯವರು ಹಾಸನ ಜಿಲ್ಲೆಯಿಂದ ಒಂದು ಟ್ರಂಕು ಹಿಡಿದುಕೊಂಡು ಬಂದವರು. ಪಕ್ಕದ ಮನೆಯವರು ಮಂಡ್ಯದವರು, ಎದುರು ಮನೆಯವರು ಕೋಲಾರದವರು. ಜಯನಗರದಲ್ಲಿ ಹೊರಗಿನಿಂದ ಬಾರದವರು ಯಾರೆಂದು ಹುಡುಕಿದರೆ ಹಳೆಯ ಭೈರಸಂದ್ರ, ಯಡಿಯೂರು ಗ್ರಾಮಗಳ ಮೂಲ ನಿವಾಸಿಗಳು ಮಾತ್ರ ಸಿಕ್ಕಾರು. ಅವರು ನಮ್ಮನ್ನು ಹೊರಗಿನವರೆಂದು ಎಬ್ಬಿಸಲಿಲ್ಲ.

2023ರ ಕೊನೆಯಲ್ಲಿ ಜಯನಗರ 4ನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣದ ಸುತ್ತ ಬೀದಿ ವ್ಯಾಪಾರಿಗಳನ್ನು ಪಾಲಿಕೆ ತೆರವುಗೊಳಿಸಿದ್ದು ಅನೇಕರಿಗೆ ನೆನಪಿರಬಹುದು. ಅಂದು ನಾನೂ 'ಒಳ್ಳೆಯದೇ ಆಯಿತು' ಎಂದವನೇ. ಅಲ್ಲಿ ಜನಸಂದಣಿ ಹೆಚ್ಚು, ನಡೆಯುವುದು ನಿಜವಾಗಿಯೂ ಕಷ್ಟ. ಆ ಪ್ರಶ್ನೆ ಜಟಿಲವಾದದ್ದು, ಅದಕ್ಕೆ ಸರಳ ಉತ್ತರ ನನ್ನಲ್ಲಿಲ್ಲ. ಆದರೆ ಒಂದನ್ನು ಹೇಳಬಲ್ಲೆ: ವ್ಯಾಪಾರಿಗಳನ್ನು ಎಬ್ಬಿಸಿದ ಮಾತ್ರಕ್ಕೆ ಕಾಲುದಾರಿ ನಡೆಯುವವರಿಗೆ ಸಿಗುತ್ತದೆ ಎಂಬ ಭರವಸೆಯೇನಿಲ್ಲ. ಖಾಲಿಯಾದ ಜಾಗಕ್ಕೆ ದ್ವಿಚಕ್ರ ವಾಹನಗಳು ಏರುತ್ತವೆ. ಹೂವಿನವಳು ಎದ್ದು ಹೋದ ಜಾಗದಲ್ಲಿ ಸ್ಕೂಟರು ನಿಂತರೆ ನಡೆಯುವವನಿಗೆ ಬಂದ ಲಾಭವೇನು? ಹೂವಿನವಳಾದರೋ ದಾರಿ ಕೇಳಿದರೆ ಬುಟ್ಟಿಯನ್ನು ಹಿಂದಕ್ಕೆಳೆದುಕೊಳ್ಳುತ್ತಾಳೆ.

ಇನ್ನೊಂದು ವಾದವೂ ಇದೆ. ಅದನ್ನು ಮುಂದಿಟ್ಟವರು ನಮ್ಮ ಬೀದಿಯ ನಿವೃತ್ತ ಇಂಜಿನಿಯರರು; ಅದರಲ್ಲಿ ತಿರುಳಿದೆ. "ರ‍್ಯಾಂಪು ಹಾಕಿದ್ದು ಶೋಕಿಗಲ್ಲ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯ ಪದರವನ್ನು ಕೆರೆಯದೆ ಮೇಲೆ ಮೇಲೆ ಹಾಕಿದರು. ರಸ್ತೆ ಎತ್ತರವಾಯಿತು. ಮಳೆನೀರು ಮನೆಯೊಳಗೆ ನುಗ್ಗಿತು. ಮನೆ ಕಟ್ಟಿಸುವವರು ತಳಪಾಯವನ್ನು ಎತ್ತರಿಸಿದರು. ಎತ್ತರಿಸಿದ ಮೇಲೆ ಕಾರು ಹತ್ತಿಸಲು ಇಳಿಜಾರು ಬೇಕೇ ಬೇಕು." ನೂರಕ್ಕೆ ನೂರು ನಿಜ. ಆದರೆ ಆ ಇಳಿಜಾರು ಗೇಟಿನ ಒಳಗೆ ಇರಬೇಕೇ, ಹೊರಗೆ ಇರಬೇಕೇ ಎಂಬುದು ಪ್ರಶ್ನೆ. ಒಳಗೆ ಹಾಕಿದರೆ ನಮ್ಮ ಜಾಗ ಹೋಗುತ್ತದೆ. ಹೊರಗೆ ಹಾಕಿದರೆ ಊರಿನ ಜಾಗ ಹೋಗುತ್ತದೆ. ನಾವು ಊರಿನ ಜಾಗವನ್ನು ಆರಿಸಿಕೊಂಡೆವು. ಮೇಲಾಗಿ ಹೊರಗಿನ ರ‍್ಯಾಂಪು ಮಳೆನೀರಿನ ಚರಂಡಿಯ ಬಾಯಿಯನ್ನು ಮುಚ್ಚುತ್ತದೆ. ನೀರು ಹರಿಯದೆ ರಸ್ತೆಯಲ್ಲಿ ನಿಲ್ಲುತ್ತದೆ, ಡಾಂಬರು ಕಿತ್ತುಬರುತ್ತದೆ, ಮತ್ತೆ ಡಾಂಬರು ಹಾಕುತ್ತಾರೆ, ರಸ್ತೆ ಮತ್ತಷ್ಟು ಎತ್ತರವಾಗುತ್ತದೆ. ಯಾವ ರೋಗಕ್ಕೆ ಮದ್ದೆಂದು ರ‍್ಯಾಂಪು ಹಾಕಿದೆವೋ ಆ ರೋಗವನ್ನು ರ‍್ಯಾಂಪೇ ಬೆಳೆಸುತ್ತಿದೆ.

ಕಾಲುದಾರಿ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. 2017ರ ಜೂನ್‌ನಲ್ಲಿ ನಮ್ಮ ಭಾಗಕ್ಕೆ ಮೆಟ್ರೋ ಹಸಿರು ಮಾರ್ಗ ಬಂದಿತು: ಸೌತ್ ಎಂಡ್ ವೃತ್ತ, ಜಯನಗರ, ಆರ್.ವಿ. ರಸ್ತೆ, ಬನಶಂಕರಿ, ಜೆ.ಪಿ. ನಗರ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಸೇರಿಕೊಂಡಿತು. ನಿಲ್ದಾಣದಿಂದ ಮನೆಗೆ ನಡೆದು ಹೋಗುವವರಿಗೆ ದಾರಿ ಬೇಡವೇ? ಜೆ.ಪಿ. ನಗರದಲ್ಲಿ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಬಿಳಿಯ ಕೋಲು ಹಿಡಿದು ನಡೆಯುವ ಮಗುವಿನ ಕೋಲಿಗೆ ಹೆಜ್ಜೆ ಹೆಜ್ಜೆಗೂ ಒಂದು ರ‍್ಯಾಂಪು, ಒಂದು ಜಾಲರಿ, ಒಂದು ಮೆಟ್ಟಿಲು ತಗಲಿದರೆ ಆ ಮಗು ಏನು ಮಾಡಬೇಕು? ಅಷ್ಟು ದೂರವೇಕೆ, ಮಂಡಿನೋವಿನ ನನ್ನ ಶ್ರೀಮತಿಯವರು ಹಾಲಿನ ಬೂತಿಗೆ ಹೋಗಿಬರುವಷ್ಟರಲ್ಲಿ ಹನ್ನೊಂದು ಸಲ ಹತ್ತಿ ಹನ್ನೊಂದು ಸಲ ಇಳಿಯುತ್ತಾರೆ. ಅವರ ಪ್ರಶ್ನೆ ಹುಟ್ಟಿದ್ದು ಆ ಮಂಡಿಯಿಂದ.

ಇದಕ್ಕಿಂತ ದೊಡ್ಡ ಮಾತೊಂದಿದೆ. ನಿವಾಸಿಗಳ ಸಂಘ ಎಂದರೇನು? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ನೋಂದಾಯಿಸಿಕೊಳ್ಳಬಹುದಾದ ಒಂದು ಸಂಘ. ಪ್ರತಿವರ್ಷ ಸಭೆ ಕರೆಯಬೇಕು, ಲೆಕ್ಕ ಒಪ್ಪಿಸಬೇಕು, ನೋಂದಣಾಧಿಕಾರಿಗಳಿಗೆ ಪಟ್ಟಿ ಸಲ್ಲಿಸಬೇಕು. ಅಷ್ಟೇ. ಅದು ಪಾಲಿಕೆಯಲ್ಲ, ಪೊಲೀಸ್ ಠಾಣೆಯಲ್ಲ, ನ್ಯಾಯಾಲಯವಲ್ಲ. ಬೀದಿಯಲ್ಲಿ ಯಾರಿರಬೇಕು ಯಾರಿರಬಾರದು ಎಂದು ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಹೋಗಲಿ, ಬೀದಿಯ ಎಲ್ಲರೂ ಅದರಲ್ಲಿದ್ದಾರೆಯೇ? ನಮ್ಮ ಸಂಘದಲ್ಲಿ ಬಾಡಿಗೆದಾರರಿಗೆ ಸದಸ್ಯತ್ವವಿಲ್ಲ. ನಮ್ಮ ಬೀದಿಯ ಮಹಡಿಮನೆಗಳಲ್ಲಿ ವಾಸಿಸುವ ತರುಣ ದಂಪತಿಗಳು, ನರ್ಸಿಂಗ್ ಓದುವ ಹೆಣ್ಣುಮಕ್ಕಳು, ಇವರಾರಿಗೂ ಸಭೆಯಲ್ಲಿ ಕುರ್ಚಿಯಿಲ್ಲ. ಇಸ್ತ್ರಿಗೆ ಬಟ್ಟೆ ಕೊಡುವವರಲ್ಲಿ, ನಡೆದು ಹೋಗುವವರಲ್ಲಿ ಹೆಚ್ಚಿನವರು ಅವರೇ. ಹಾಗಿರುವಾಗ ನಮ್ಮ 'ಸರ್ವಾನುಮತ' ಯಾರ ಮತ?

1992ರಲ್ಲಿ ಅಂಗೀಕಾರವಾದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಕರ್ನಾಟಕದ ಪೌರನಿಗಮಗಳ ಕಾಯ್ದೆಗೆ 2011ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ವಾರ್ಡ್ ಸಮಿತಿಗೆ ನೇಮಕವಾಗುವ ಹತ್ತು ಸದಸ್ಯರಲ್ಲಿ ಕನಿಷ್ಠ ಇಬ್ಬರು ನಿವಾಸಿಗಳ ಸಂಘದವರು, ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡಗಳವರು ಇರಬೇಕೆಂದು ಹೇಳಿತ್ತು. ಕಾನೂನು ಬರೆದವರ ಕಣ್ಣಿನಲ್ಲಿ ನಮ್ಮ ಪಾಲು ಹತ್ತರಲ್ಲಿ ಎರಡು. ನಾವು ಹತ್ತಕ್ಕೆ ಹತ್ತು ಎಂದು ತಿಳಿದುಕೊಂಡಿದ್ದೇವೆ. ಇದಕ್ಕೆ ನಮ್ಮೊಬ್ಬರದೇ ತಪ್ಪೂ ಅಲ್ಲ. 2015ರಲ್ಲಿ ಚುನಾಯಿತವಾದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅನಂತರ ಐದು ವರ್ಷ ಚುನಾವಣೆಯಿಲ್ಲದೆಯೇ ಕಳೆದು, 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರಪಾಲಿಕೆಗಳಾದವು. ಕಾರ್ಪೊರೇಟರ್ ಇಲ್ಲದ ಆ ವರ್ಷಗಳಲ್ಲಿ ಅಧಿಕಾರಿಗಳಿಗೆ ಮಾತನಾಡಲು ಯಾರೋ ಬೇಕಿತ್ತು. ಲೆಟರ್‌ಹೆಡ್ ಇರುವ ಸಂಘಗಳು ಸಿಕ್ಕಿದವು. ಹೀಗೆ ಮನವಿ ಸಲ್ಲಿಸುವ ಸಂಘ ಮೆಲ್ಲಗೆ ಆಜ್ಞೆ ಮಾಡುವ ಸಂಘವಾಯಿತು. ಮತ ಹಾಕುವ ಹೂವಿನವಳಿಗಿಂತ ಲೆಟರ್‌ಹೆಡ್ಡಿಗೆ ಬೆಲೆ ಬಂದರೆ ಅದನ್ನು ಪ್ರಜಾಪ್ರಭುತ್ವವೆಂದು ನನ್ನ ವಿದ್ಯಾರ್ಥಿಗಳಿಗೆ ನಾನು ಕಲಿಸಿಲ್ಲ.

ಡಿ.ವಿ. ಗುಂಡಪ್ಪನವರು 1945ರಲ್ಲಿ ನಮ್ಮ ನೆರೆಯ ಬಸವನಗುಡಿಯ ಭಾಗದಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು ಪೌರಶಿಕ್ಷಣಕ್ಕಾಗಿ. ಪೌರ ಎಂಬುವನು ಹಕ್ಕು ಕೇಳುವುದಕ್ಕೆ ಮೊದಲು ತನ್ನ ಹೊಣೆಯನ್ನು ಅರಿತಿರಬೇಕೆಂಬ ನಂಬಿಕೆ ಅವರದು. ಅಂಥ ಸಂಸ್ಥೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ವಾಸಿಸುವ ನಮಗೆ, ನಡೆದು ಹೋಗಲು ಕಾಲುದಾರಿಯಿಲ್ಲ ಎಂಬುದು ವಿಪರ್ಯಾಸ.

ಬರಿಯ ಖಂಡನೆ ಮಾಡಿ ಮುಗಿಸುವುದು ಸರಿಯಲ್ಲ. ಮೇಷ್ಟರಾದವನು ತಪ್ಪು ತಿದ್ದಿದ ಮೇಲೆ ಸರಿಯುತ್ತರವನ್ನೂ ಬರೆಯಬೇಕು. ನನ್ನ ಅನುಭವದಿಂದ ಕೆಲವು ಸಲಹೆಗಳು:

1. ಕ್ರಯಪತ್ರವನ್ನು ತೆಗೆದು ನಿವೇಶನದ ಅಳತೆಯನ್ನು ನೋಡಿ, ಟೇಪು ಹಿಡಿದು ನೀವೇ ಅಳೆಯಿರಿ. ಬೇರೆಯವರ ಒತ್ತುವರಿಯ ಬಗೆಗೆ ಮಾತನಾಡುವುದು ಅನಂತರ.

2. ರ‍್ಯಾಂಪನ್ನು ಗೇಟಿನ ಒಳಕ್ಕೆ ತೆಗೆದುಕೊಳ್ಳಿ. ಕಾಲುದಾರಿಯ ಅಂಚುಗಲ್ಲು ಅರ್ಧ ಅಡಿಗಿಂತ ಎತ್ತರವಿರಬಾರದು. ವಾಹನ ಹತ್ತಲು ಅದರ ಅಂಚಿನಲ್ಲಿ ಚಿಕ್ಕ ಇಳಿಜಾರು ಸಾಕು. ಚರಂಡಿಯ ಬಾಯಿಯನ್ನು ಎಂದಿಗೂ ಸಿಮೆಂಟಿನಿಂದ ಮುಚ್ಚಬೇಡಿ, ಕಬ್ಬಿಣದ ಜಾಲರಿಯನ್ನಿಡಿ.

3. ಹೂಗಿಡಗಳನ್ನು ಕಾಂಪೌಂಡಿನೊಳಕ್ಕೆ ಅಥವಾ ತಾರಸಿಗೆ ಸಾಗಿಸಿ. 'ಜಾಲರಿ ತೆಗೆದರೆ ಕಸ ಸುರಿಯುತ್ತಾರೆ, ಮೂತ್ರ ಮಾಡುತ್ತಾರೆ' ಎಂಬ ಭಯ ನಿಜವಾದದ್ದೇ. ಅದಕ್ಕೆ ಪರಿಹಾರ ಬೆಳಕು ಮತ್ತು ಜನಸಂಚಾರ. ನಡೆಯುವವರಿರುವ ದಾರಿಯಲ್ಲಿ ಕಸ ಸುರಿಯಲು ಸಂಕೋಚವಾಗುತ್ತದೆ. ನಮ್ಮ ಬೀದಿಯಲ್ಲಿ ಇಸ್ತ್ರಿ ಗಾಡಿಯ ಸುತ್ತ ಯಾರೂ ಕಸ ಹಾಕಿದ್ದನ್ನು ನಾನು ಕಂಡಿಲ್ಲ.

4. ಮರದ ಬುಡಕ್ಕೆ ಸಿಮೆಂಟು ಬಳಿಯಬೇಡಿ. ಸುತ್ತಲೂ ಮೂರಡಿಯಷ್ಟಾದರೂ ಮಣ್ಣು ಬಿಟ್ಟಿರಲಿ. ಬೇರಿಗೆ ನೀರು ಇಳಿಯದ ಮರ ಗಾಳಿಮಳೆಗೆ ಕಾರಿನ ಮೇಲೆ ಬೀಳುತ್ತದೆ. ಆಗ ಮರವನ್ನು ಬಯ್ಯುತ್ತೇವೆ.

5. ತಾರಸಿಯ ಮಳೆನೀರನ್ನು ಕೊಳವೆ ಹಾಕಿ ರಸ್ತೆಗೆ ಬಿಡುವುದನ್ನು ನಿಲ್ಲಿಸಿ. 2009ರ ತಿದ್ದುಪಡಿಯಿಂದಲೇ 60×40 ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳಿಗೂ, 30×40 ಮತ್ತು ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಹೇಗೆ ಮಾಡುವುದೆಂದು ತೋರಿಸಲು ಜಲಮಂಡಳಿ ಜಯನಗರ 5ನೆಯ ಬ್ಲಾಕಿನಲ್ಲಿಯೇ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಉದ್ಯಾನವನ್ನು ಮಾಡಿದೆ. 2024ರ ಮಾರ್ಚಿಯಲ್ಲಿ ಟ್ಯಾಂಕರಿಗೆ ಕಾದು ನಿಂತ ದಿನಗಳನ್ನು ಮರೆಯಬಾರದು.

6. ಡಾಂಬರು ಹಾಕುವ ಸುದ್ದಿ ತಿಳಿದೊಡನೆ, ಹಳೆಯ ಪದರವನ್ನು ಕೆರೆದು ತೆಗೆದ ಮೇಲೆಯೇ ಹೊಸದನ್ನು ಹಾಕಬೇಕೆಂದು ಪಾಲಿಕೆಯ ಇಂಜಿನಿಯರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಂಘದ ಲೆಟರ್‌ಹೆಡ್ಡಿಗೆ ಇದು ಯೋಗ್ಯವಾದ ಕೆಲಸ.

7. ಬೀದಿ ವ್ಯಾಪಾರಿಗಳಿಂದ ನಿಜವಾಗಿ ತೊಂದರೆಯಾಗುತ್ತಿದ್ದರೆ ಮೊದಲು ಅವರೊಡನೆ ಮಾತನಾಡಿ. ಗಾಡಿ ನಿಲ್ಲುವ ಜಾಗಕ್ಕೆ ಸುಣ್ಣದಲ್ಲಿ ಗೆರೆ ಹಾಕಿ. ಬಗೆಹರಿಯದಿದ್ದರೆ ಪಟ್ಟಣ ವ್ಯಾಪಾರ ಸಮಿತಿಗೆ ಬರೆಯಿರಿ.

8. ಸಂಘದಲ್ಲಿ ಬಾಡಿಗೆದಾರರಿಗೂ ಸದಸ್ಯತ್ವ ಕೊಡಿ.

ನನ್ನ ರ‍್ಯಾಂಪಿನ ವಿಷಯವನ್ನು ಹೇಳಿ ಮುಗಿಸುತ್ತೇನೆ. ಕಳೆದ ಗುರುವಾರ ಅದನ್ನು ಒಡೆಸಿದೆ. ಒಡೆದಾಗ ಅಡಿಯಲ್ಲಿ ಹಳೆಯ ಚಪ್ಪಡಿ ಕಲ್ಲುಗಳು ಹಾಗೆಯೇ ಇದ್ದವು; ಎರಡು ಬಿರುಕು ಬಿಟ್ಟಿದ್ದವು, ಉಳಿದವು ಗಟ್ಟಿಯಾಗಿದ್ದವು. ಗೇಟಿನೊಳಗೆ ಇಳಿಜಾರು ಮಾಡಿಸಿದ್ದರಿಂದ ತುಳಸಿಕಟ್ಟೆಯನ್ನು ಒಂದು ಪಕ್ಕಕ್ಕೆ ಸರಿಸಬೇಕಾಯಿತು. ಮಗನ ಕಾರು ಸ್ವಲ್ಪ ಕಷ್ಟಪಟ್ಟು ಹತ್ತುತ್ತದೆ. ಪಕ್ಕದ ಮನೆಯ ಹಿರಿಯರು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ನಲವತ್ತು ವರ್ಷಗಳ ಸ್ನೇಹ. 'ನೀವು ಒಡೆಸಿದರೆ ನಾವೂ ಒಡೆಸಬೇಕು ಎಂದು ಹೇಳಿದಂತಾಯಿತು' ಎಂಬುದು ಅವರ ಬೇಸರ. ಅವರು ಅರ್ಥ ಮಾಡಿಕೊಂಡದ್ದು ಸರಿಯಾಗಿಯೇ ಇದೆ, ನಾನು ಹೇಳಿದ್ದು ಅದನ್ನೇ. ಆದರೂ ಮನಸ್ಸಿಗೆ ನೋವಾಗಿದೆ, ಮುಚ್ಚಿಡುವುದಿಲ್ಲ.

ಪಾಲಿಕೆಗೆ ಬರೆಯಬೇಕಾದ ಪತ್ರ ಇನ್ನೂ ಹೋಗಿಲ್ಲ. ನನ್ನ ಮತವನ್ನು ಹಿಂತೆಗೆದುಕೊಂಡಿರುವುದಾಗಿ ಕಾರ್ಯದರ್ಶಿಗಳಿಗೆ ಲಿಖಿತವಾಗಿ ತಿಳಿಸಿದ್ದೇನೆ. ನಮ್ಮ ಸಂಘದ ನಿಯಮಾವಳಿಯಂತೆ ಮೂರನೆಯ ಒಂದು ಭಾಗ ಸದಸ್ಯರು ಸಹಿ ಮಾಡಿದರೆ ವಿಶೇಷ ಸಭೆ ಕರೆಯಬೇಕು. ಸಹಿಯ ಕಾಗದ ನನ್ನ ಬಳಿ ಇದೆ. ಇದುವರೆಗೆ ಒಂಬತ್ತು ಸಹಿಗಳು ಬಂದಿವೆ, ಇನ್ನೂ ಹದಿನಾಲ್ಕು ಬೇಕು. ಓದುಗರಲ್ಲಿ ನಮ್ಮ ಬೀದಿಯವರಿದ್ದರೆ ಸಂಜೆ ಐದರ ನಂತರ ಯಾವಾಗ ಬೇಕಾದರೂ ಬರಬಹುದು. ನಮ್ಮ ಮನೆಯ ಮುಂದೆ ಈಗ ಎಡವುವ ಭಯವಿಲ್ಲ.